ನಮ್ಮ ಕ್ಷೇತ್ರದ ಗೆರೆ ಎಳೆಯುವವರು ಯಾರು?

ಪ್ರಶ್ನೆ: ನಮ್ಮೂರು ಶಿಡ್ಲಘಟ್ಟ ತಾಲ್ಲೂಕು. ಡಿ.ಸಿ. ಆಫೀಸು ಇರುವುದು ಚಿಕ್ಕಬಳ್ಳಾಪುರದಲ್ಲಿ, ಎಂ.ಪಿ. ಓಟು ಮಾತ್ರ ಕೋಲಾರಕ್ಕೆ. ಯಾಕೆ ಹೀಗೆ ಎಂದರೆ ಯಾರಿಗೂ ಗೊತ್ತಿಲ್ಲ. ನಾನು ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಸದಸ್ಯೆ ಆಗಿದ್ದವಳು. ಕ್ಷೇತ್ರ ವಿಂಗಡಣೆ ಆಗಬೇಕು ಅಂತ ಹೇಳಿಕೊಂಡೇ ಜಿಲ್ಲಾ ಪಂಚಾಯ್ತಿ ಚುನಾವಣೆಯನ್ನು ವರ್ಷಗಟ್ಟಲೆ ಮುಂದಕ್ಕೆ ತಳ್ಳಿದ್ದನ್ನು ಕಂಡಿದ್ದೇನೆ. ಅಧಿಕಾರದಲ್ಲಿ ಇರುವವರು ತಮಗೆ ಬೇಕಾದ ಹಾಗೆ ಗೆರೆ ಎಳೆದುಕೊಳ್ಳುತ್ತಾರೆ ಅನ್ನುವುದು ನಮ್ಮ ಕಡೆ ಎಲ್ಲರ ಮಾತು. ಬೇರೆ ದೇಶಗಳಲ್ಲಿ ಈ ಕೆಲಸವನ್ನು ರಾಜಕಾರಣಿಗಳಿಲ್ಲದ ಸ್ವತಂತ್ರ ಆಯೋಗ ಮಾಡುತ್ತದಂತೆ. ನಮ್ಮಲ್ಲಿ ಅಂಥದ್ದು ಇಲ್ಲವೇ? ಮುಂದಿನ ಸಲ ಗಡಿ ಬದಲಾಗುವಾಗ ನಮ್ಮಂಥವರು ಮಾತಾಡಲು ಜಾಗ ಇದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಲೋಕಸಭೆ, ವಿಧಾನಸಭೆ ಕ್ಷೇತ್ರಗಳ ಗಡಿ ಗುರುತಿಸುವವರು ಒಬ್ಬರು. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ, ನಗರಸಭೆ ವಾರ್ಡುಗಳ ಗಡಿ ಗುರುತಿಸುವವರು ಇನ್ನೊಬ್ಬರು. ಮೊದಲನೆಯದಕ್ಕೆ ನಮ್ಮ ದೇಶದಲ್ಲಿ 1952ರಿಂದಲೂ ಆಗಾಗ ಸ್ವತಂತ್ರ ಆಯೋಗ ರಚನೆಯಾಗುತ್ತ ಬಂದಿದೆ. ಅದರಲ್ಲಿ ಕೊರತೆಗಳಿವೆ, ಆದರೂ ಆಳುವ ಪಕ್ಷ ಮನಸ್ಸಿಗೆ ಬಂದಂತೆ ಗೆರೆ ಎಳೆಯಲು ಆಗುವುದಿಲ್ಲ. ಎರಡನೆಯದರಲ್ಲಿ ನಿಮ್ಮ ಊರಿನವರ ಅನುಮಾನಕ್ಕೆ ಆಧಾರ ಇದೆ. ನನಗೆ ಹೆಚ್ಚು ಕಳವಳ ಇರುವುದೂ ಅಲ್ಲಿಯೇ.

ಶಿಡ್ಲಘಟ್ಟ ಯಾಕೆ ಕೋಲಾರಕ್ಕೆ ಹೋಯಿತು ಎನ್ನುವುದನ್ನು ಮೊದಲು ನೋಡೋಣ. ಇದರ ಹಿಂದೆ ಇರುವುದು ಬಹುಪಾಲು ಲೆಕ್ಕ.

ಈಗಿನ ಕ್ಷೇತ್ರಗಳನ್ನು ಗುರುತಿಸಿದ್ದು 2002ರ ಕಾಯ್ದೆಯಡಿ ರಚನೆಯಾದ ಕ್ಷೇತ್ರ ಪುನರ್‌ವಿಂಗಡಣೆ ಆಯೋಗ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅದರ ಅಧ್ಯಕ್ಷರು. 2001ರ ಜನಗಣತಿಯೇ ಅದಕ್ಕೆ ಆಧಾರ. ಆಗ ಕರ್ನಾಟಕದ ಜನಸಂಖ್ಯೆ ಸುಮಾರು 5.28 ಕೋಟಿ. ಅದನ್ನು 224 ವಿಧಾನಸಭೆ ಸ್ಥಾನಗಳಿಗೆ ಹಂಚಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ ಜನ. ಆಯೋಗ ಮೊದಲು ಜಿಲ್ಲೆಗೆ ಎಷ್ಟು ಸ್ಥಾನ ಎಂದು ಗೊತ್ತು ಮಾಡಿಕೊಂಡು, ಆಮೇಲೆ ಜಿಲ್ಲೆಯೊಳಗೆ ಗಡಿ ಹಾಕಿತು. ಚಿಕ್ಕಬಳ್ಳಾಪುರವೂ ಸೇರಿದ್ದ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಆಗ ಇದ್ದವರು ಸುಮಾರು 25 ಲಕ್ಷ ಜನ. ಸರಾಸರಿಯಿಂದ ಭಾಗಿಸಿ ನೋಡಿ, ಹತ್ತೂವರೆ ದಾಟುತ್ತದೆ, ಹನ್ನೊಂದಕ್ಕೆ ತಲುಪುವುದಿಲ್ಲ. ಹಾಗಾಗಿ 11 ಸ್ಥಾನ ಸಿಕ್ಕಿತು. ಅದಕ್ಕೂ ಮುಂಚೆ 12 ಇತ್ತು. ವೇಮಗಲ್, ಬೇತಮಂಗಲ ಎಂಬ ಎರಡು ಕ್ಷೇತ್ರಗಳು ಹೋಗಿ, ಬಂಗಾರಪೇಟೆ ಎಂಬ ಹೆಸರಿನದು ಬಂತು. ನಮ್ಮ ತುಮಕೂರು ಜಿಲ್ಲೆಯದೂ ಇದೇ ಕಥೆ. 25.8 ಲಕ್ಷ ಜನಕ್ಕೆ 11 ಸ್ಥಾನ. ಕಳ್ಳಂಬೆಳ್ಳ, ಬೆಳ್ಳಾವಿ, ಹುಲಿಯೂರುದುರ್ಗ ಮೂರೂ ನಕ್ಷೆಯಿಂದ ಮಾಯವಾದವು, ತುಮಕೂರು ಗ್ರಾಮಾಂತರ ಹೊಸದಾಗಿ ಹುಟ್ಟಿತು. ಬೆಂಗಳೂರು ನಗರ ಜಿಲ್ಲೆಗೆ ಮಾತ್ರ 65 ಲಕ್ಷದ ಲೆಕ್ಕದಲ್ಲಿ 28 ಸ್ಥಾನ ಸಿಕ್ಕಿತು. ಹಳ್ಳಿಗಾಡು ಕಳೆದುಕೊಂಡದ್ದು ರಾಜಧಾನಿಗೆ ಸೇರಿತು ಎಂದು ನಮ್ಮ ಕಡೆ ಇವತ್ತಿಗೂ ಬೇಸರ ಇದೆ. ಆ ಬೇಸರ ನನಗೂ ಅರ್ಥವಾಗುತ್ತದೆ. ಆದರೆ ಒಂದು ಓಟಿಗೆ ಒಂದೇ ತೂಕ ಎಂದು ಒಪ್ಪಿದ ಮೇಲೆ ಈ ಲೆಕ್ಕವನ್ನು ತಪ್ಪು ಎನ್ನಲಾರೆ.

ಇನ್ನು ಲೋಕಸಭೆಗೆ ಬನ್ನಿ. ಒಂದು ವಿಧಾನಸಭೆ ಕ್ಷೇತ್ರ ಪೂರ್ತಿಯಾಗಿ ಒಂದೇ ಲೋಕಸಭೆ ಕ್ಷೇತ್ರದ ಒಳಗೆ ಇರಬೇಕು ಎನ್ನುತ್ತದೆ ಕಾಯ್ದೆ. ನಮ್ಮ ರಾಜ್ಯದಲ್ಲಿ 224ಕ್ಕೆ 28, ಅಂದರೆ ಒಂದೊಂದು ಲೋಕಸಭೆ ಕ್ಷೇತ್ರಕ್ಕೆ ಎಂಟೆಂಟು. ಕೋಲಾರದ ಹನ್ನೊಂದರಲ್ಲಿ ಎಂಟು ಒಂದು ಕಡೆ ಹೋದರೆ ಮೂರು ಉಳಿಯುತ್ತವೆ. ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರದ ಜೊತೆಗೆ ಚಿಂತಾಮಣಿ, ಶಿಡ್ಲಘಟ್ಟ ಸೇರಿ ಕೋಲಾರ ಲೋಕಸಭೆ ಆಯಿತು. ಉಳಿದ ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರಕ್ಕೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಲಹಂಕ ಸೇರಿಸಿ ಚಿಕ್ಕಬಳ್ಳಾಪುರ ಲೋಕಸಭೆ ಮಾಡಿದರು. ಆಂಧ್ರದ ಗಡಿಯಲ್ಲಿರುವ ಬಾಗೇಪಲ್ಲಿಯವರಿಗೂ ತುಮಕೂರು ರಸ್ತೆಯ ನೆಲಮಂಗಲದವರಿಗೂ ಒಬ್ಬರೇ ಎಂ.ಪಿ. ಆದದ್ದು ಹೀಗೆ. ಆಯೋಗ ಈ ಕೂಡಿಸು ಕಳೆಯುವ ಕೆಲಸದಲ್ಲಿದ್ದಾಗ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯ ಭಾಗವಾಗಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಶಿಡ್ಲಘಟ್ಟ, ಚಿಂತಾಮಣಿಯನ್ನು ಯಾರೂ ನಿಮ್ಮ ಜಿಲ್ಲೆಯಿಂದ ಕಿತ್ತು ಕೋಲಾರಕ್ಕೆ ಹಾಕಲಿಲ್ಲ. ಜಿಲ್ಲೆಯ ಗಡಿ ಆಮೇಲೆ ಬಂದು ಕ್ಷೇತ್ರದ ಗಡಿಯನ್ನು ಅಡ್ಡ ಹಾಯಿತು.

ನಮ್ಮ ತುಮಕೂರಿನಲ್ಲಿ ಜಿಲ್ಲೆ ಒಡೆಯದೆಯೂ ಹೀಗೇ ಆಗಿದೆ. ಹನ್ನೊಂದರಲ್ಲಿ ಎಂಟು ತುಮಕೂರು ಲೋಕಸಭೆಗೆ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ, ಶಿರಾ ಮತ್ತು ಪಾವಗಡ ಚಿತ್ರದುರ್ಗಕ್ಕೆ. ನಾನು ರಾಜ್ಯಶಾಸ್ತ್ರ ಪಾಠ ಹೇಳುವ ತರಗತಿಯಲ್ಲಿ ಒಂದೇ ಜಿಲ್ಲೆಯ ಮಕ್ಕಳು ಕೂತಿದ್ದರೂ ಅವರಿಗೆ ಮೂವರು ಎಂ.ಪಿ.ಗಳು. ಪಾವಗಡದ ಹುಡುಗರು ಮೊದಲ ಸಲ ಇದನ್ನು ಕೇಳಿದಾಗ ನಿಮ್ಮ ಹಾಗೆಯೇ ಯಾರು ಮಾಡಿದ್ದು ಸರ್ ಎನ್ನುತ್ತಾರೆ.

ಹಾಗಾದರೆ ಲೆಕ್ಕವೇ ಎಲ್ಲವನ್ನೂ ತೀರ್ಮಾನಿಸಿತೇ? ಇಲ್ಲ. ಹನ್ನೊಂದರಲ್ಲಿ ಎಂಟು ಎಂದಿತು ಲೆಕ್ಕ. ಯಾವ ಎಂಟು ಎಂದು ಹೇಳಿದ್ದು ಮನುಷ್ಯರು. ಯಾವ ಕ್ಷೇತ್ರ ಮೀಸಲು ಎಂದು ಹೇಳಿದ್ದೂ ಮನುಷ್ಯರು. 2004ರವರೆಗೆ ಮಧುಗಿರಿ ಪರಿಶಿಷ್ಟ ಜಾತಿಗೆ ಮೀಸಲು, 2008ರಿಂದ ಅದು ಸಾಮಾನ್ಯ, ಪಕ್ಕದ ಕೊರಟಗೆರೆ ಮೀಸಲು. ಮಧುಗಿರಿಯಿಂದ ಗೆದ್ದು ಬರುತ್ತಿದ್ದ ಜಿ. ಪರಮೇಶ್ವರ ಅವರು ಕೊರಟಗೆರೆಗೆ ಹೋದರು. ಕಳ್ಳಂಬೆಳ್ಳದ ಟಿ.ಬಿ. ಜಯಚಂದ್ರ ಅವರು ಶಿರಾಕ್ಕೆ ಬಂದರು, ವೇಮಗಲ್‌ನ ಕೃಷ್ಣ ಬೈರೇಗೌಡರು ಬೆಂಗಳೂರಿನ ಬ್ಯಾಟರಾಯನಪುರಕ್ಕೆ ನಡೆದರು. ಒಂದು ಗೆರೆ ಅತ್ತಿತ್ತ ಆದರೆ ಒಬ್ಬರ ರಾಜಕೀಯ ಬದುಕೇ ಜಾಗ ಬದಲಿಸುತ್ತದೆ. ಅದಕ್ಕೇ ಆ ಗೆರೆ ಎಳೆಯುವ ಕೈ ಯಾರದು ಎನ್ನುವುದು ಅಷ್ಟು ದೊಡ್ಡ ವಿಷಯ.

ಗೆರೆಯಿಂದ ಎಷ್ಟು ಮೋಸ ಸಾಧ್ಯ ಎನ್ನುವುದನ್ನು ಒಂದು ಪುಟ್ಟ ಊರಿನ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ. ಐವತ್ತು ಓಟಿನ ಊರು, ಹತ್ತು ಹತ್ತು ಓಟಿನ ಐದು ವಾರ್ಡು. ಮೇಲಿನ ಕೇರಿಯ ಪಂಗಡಕ್ಕೆ 30 ಓಟು, ಕೆಳಗಿನ ಕೇರಿಯದಕ್ಕೆ 20. ಎಲ್ಲ ವಾರ್ಡಿನಲ್ಲೂ ಆರು ನಾಲ್ಕರಂತೆ ಹಂಚಿಬಿಟ್ಟರೆ ಮೇಲಿನ ಕೇರಿ ಐದಕ್ಕೆ ಐದೂ ಗೆಲ್ಲುತ್ತದೆ, ಇಪ್ಪತ್ತು ಜನಕ್ಕೆ ಒಬ್ಬ ಸದಸ್ಯನೂ ಇಲ್ಲ. ಈಗ ಅದೇ ಜನರನ್ನು ಬೇರೆ ಥರ ಹಂಚಿ. ಮೇಲಿನ ಕೇರಿಯ ಇಪ್ಪತ್ತು ಓಟನ್ನು ಎರಡೇ ವಾರ್ಡಿನಲ್ಲಿ ಹತ್ತು ಹತ್ತರಂತೆ ತುಂಬಿಸಿ, ಉಳಿದ ಹತ್ತನ್ನು ಮೂರು ವಾರ್ಡಿಗೆ ಚದುರಿಸಿ. ಕೆಳಗಿನ ಕೇರಿ ಏಳು, ಏಳು, ಆರು ಓಟಿನಿಂದ ಮೂರು ವಾರ್ಡು ಗೆದ್ದು ಅಧಿಕಾರಕ್ಕೆ ಬರುತ್ತದೆ. ಒಬ್ಬರೂ ತಮ್ಮ ಓಟು ಬದಲಿಸಲಿಲ್ಲ. ಒಂದು ಕಡೆ ಗುಡ್ಡೆ ಹಾಕುವುದು, ಇನ್ನೊಂದು ಕಡೆ ಚೂರು ಮಾಡುವುದು, ಈ ಎರಡೇ ಉಪಾಯ. ಜೆರ್ರಿಮ್ಯಾಂಡರಿಂಗ್ ಎಂದು ಪತ್ರಿಕೆಗಳಲ್ಲಿ ಬರುವುದು ಇದೇ. ಪರಿಶಿಷ್ಟರ ಕಾಲೋನಿಯ ನಟ್ಟನಡುವೆ ವಾರ್ಡಿನ ಗಡಿ ಹಾಯಿಸಿದರೆ ಅವರ ಓಟು ಎರಡೂ ಕಡೆ ಗೆಲ್ಲಲು ಸಾಲದಷ್ಟಾಗುತ್ತದೆ ಎನ್ನುವುದನ್ನು ಪಂಚಾಯ್ತಿ ರಾಜಕೀಯ ಕಂಡ ನಿಮಗೆ ನಾನು ಹೇಳಬೇಕಾಗಿಲ್ಲ.

ಅಣ್ಣತಮ್ಮಂದಿರು ಪಾಲಾಗುವಾಗ ಹಿರಿಯರು ಒಂದು ಮಾತು ಹೇಳುತ್ತಾರೆ, ಪಾಲು ಮಾಡಿದವನು ಕೊನೆಗೆ ಆರಿಸಿಕೊಳ್ಳಲಿ ಅಂತ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಇದು ತಲೆಕೆಳಗು. ಅಲ್ಲಿ ರಾಜ್ಯದ ಶಾಸಕರೇ ತಮ್ಮ ಕ್ಷೇತ್ರಗಳನ್ನೂ ಅಲ್ಲಿನ ಸಂಸತ್ತಿನ ಕೆಳಮನೆಯ ಕ್ಷೇತ್ರಗಳನ್ನೂ ಗುರುತಿಸಿಕೊಳ್ಳುತ್ತಾರೆ. ಪಕ್ಷದ ಲಾಭಕ್ಕೆ ಗಡಿ ತಿರುಚಿದರೆ ಅದನ್ನು ವಿಚಾರಿಸುವ ಕೆಲಸ ಕೇಂದ್ರ ನ್ಯಾಯಾಲಯಗಳದ್ದಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿಬಿಟ್ಟಿತು. ಶಾಸಕರೇ ಗೆರೆ ಎಳೆದುಕೊಳ್ಳುವುದರಿಂದ ರೋಸಿಹೋದ ಕೆಲವು ರಾಜ್ಯಗಳ ಜನ ಆ ತೀರ್ಪಿಗೂ ಮುಂಚೆಯೇ ಜನಮತಗಣನೆಯ ಮೂಲಕ ಆ ಕೆಲಸವನ್ನು ಶಾಸಕರಿಂದ ಕಿತ್ತುಕೊಂಡಿದ್ದರು. ಅರಿಜೋನಾ 2000ದಲ್ಲಿ, ಕ್ಯಾಲಿಫೋರ್ನಿಯಾ 2008ರಲ್ಲಿ, ಮಿಷಿಗನ್ 2018ರಲ್ಲಿ. ಕ್ಯಾಲಿಫೋರ್ನಿಯಾದ ಆಯೋಗದಲ್ಲಿ ಹದಿನಾಲ್ಕು ಮಂದಿ ಸಾಮಾನ್ಯ ನಾಗರಿಕರು. ಐವರು ಡೆಮಾಕ್ರಟಿಕ್ ಪಕ್ಷದ ಕಡೆಯವರು, ಐವರು ರಿಪಬ್ಲಿಕನ್, ನಾಲ್ವರು ಎರಡಕ್ಕೂ ಸೇರದವರು. ಅರ್ಜಿ ಹಾಕಿದವರನ್ನು ಜಾಲಾಡಿ, ಉಳಿದವರಲ್ಲಿ ಮೊದಲ ಎಂಟು ಹೆಸರನ್ನು ಚೀಟಿ ಎತ್ತಿ ಆರಿಸುತ್ತಾರೆ, ಆ ಎಂಟು ಮಂದಿ ಉಳಿದ ಆರು ಮಂದಿಯನ್ನು ಆರಿಸುತ್ತಾರೆ. ಮೂರೂ ಗುಂಪಿನವರು ಒಪ್ಪದೆ ನಕ್ಷೆ ಅಂತಿಮವಾಗುವುದಿಲ್ಲ.

ಇಷ್ಟಿದ್ದೂ ಅದು ಪೂರ್ತಿ ಭದ್ರ ಅಲ್ಲ. 2025ರಲ್ಲಿ ಟೆಕ್ಸಾಸ್ ರಾಜ್ಯ ಜನಗಣತಿಗೆ ಕಾಯದೆ ನಡುವೆಯೇ ತನ್ನ ನಕ್ಷೆಯನ್ನು ಆಳುವ ಪಕ್ಷಕ್ಕೆ ಅನುಕೂಲವಾಗುವಂತೆ ತಿದ್ದಿತು. ಅದಕ್ಕೆ ಉತ್ತರ ಕೊಡುತ್ತೇವೆಂದು ಕ್ಯಾಲಿಫೋರ್ನಿಯಾದ ಮತದಾರರು ಅದೇ ವರ್ಷದ ನವೆಂಬರಿನಲ್ಲಿ ತಮ್ಮ ಆಯೋಗದ ಸಂಸತ್ ನಕ್ಷೆಯನ್ನು 2030ರವರೆಗೆ ಬದಿಗಿಟ್ಟು, ಶಾಸಕರು ಬರೆದ ನಕ್ಷೆಗೆ ಒಪ್ಪಿಗೆ ಕೊಟ್ಟರು. ಒಂದು ರಾಜ್ಯ ಸಾಚಾ ಆಗಿ ಪಕ್ಕದ್ದು ಆಗದಿದ್ದರೆ ಸಾಚಾ ಆದವರಿಗೆ ತಾವೇ ಪೆದ್ದರಾದೆವು ಎನ್ನಿಸುತ್ತದೆ. ಆಯೋಗ ಇಡೀ ದೇಶಕ್ಕೆ ಒಂದೇ ನಿಯಮದಡಿ ಇರಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಆ ವಿಷಯದಲ್ಲಿ ನಾವು ಅವರಿಗಿಂತ ಮುಂದೆ ಇದ್ದೇವೆ.

ಕೆನಡಾದಲ್ಲಿ 1964ರಿಂದ ಪ್ರಾಂತ್ಯಕ್ಕೊಂದು ಮೂರು ಜನರ ಆಯೋಗ, ಅಧ್ಯಕ್ಷರಾಗಿ ನ್ಯಾಯಾಧೀಶರು. ನಾನು ಹೆಚ್ಚು ಗಮನಿಸಿರುವುದು ಬ್ರಿಟನ್ನಿನದನ್ನು. ಅಲ್ಲಿ 2013ರ ಮತ್ತು 2018ರ ಎರಡು ಪರಿಷ್ಕರಣೆಗಳು ಸಂಸತ್ತಿನ ಒಪ್ಪಿಗೆ ಸಿಗದೆ ಮೂಲೆಗೆ ಬಿದ್ದವು. ಆಮೇಲೆ 2020ರ ಕಾಯ್ದೆ ತಂದು, ಆಯೋಗದ ಶಿಫಾರಸನ್ನು ಸಂಸದರು ತಡೆಯುವ ಹಾಗಿಲ್ಲ ಎಂದು ಮಾಡಿದರು. ಒಂದು ಕ್ಷೇತ್ರದ ಮತದಾರರ ಸಂಖ್ಯೆ ಸರಾಸರಿಗಿಂತ ಶೇ 5ಕ್ಕಿಂತ ಹೆಚ್ಚು ಅತ್ತಿತ್ತ ಹೋಗಬಾರದು ಎಂದು ಕಾಯ್ದೆಯಲ್ಲೇ ಬರೆದಿದೆ. 2023ರ ಪರಿಷ್ಕರಣೆಯಲ್ಲಿ ಸರಾಸರಿ 73,393. ಕೆಲವು ದ್ವೀಪಗಳಿಗೆ ವಿನಾಯಿತಿ ಇದೆ. ಇದಕ್ಕಿಂತ ನನಗೆ ಇಷ್ಟವಾದದ್ದು ಆಕ್ಷೇಪಣೆಯ ಕ್ರಮ. ಕರಡು ಪ್ರಕಟಿಸಿ ಜನರ ಪತ್ರ ಪಡೆಯುತ್ತಾರೆ. ಬಂದ ಪತ್ರಗಳನ್ನೆಲ್ಲ ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ. ನಿಮ್ಮ ಪಕ್ಕದೂರಿನವರು ಏನು ಬರೆದಿದ್ದಾರೆ ಎಂದು ಓದಿ ಅದರ ಮೇಲೆ ನೀವು ಇನ್ನೊಂದು ಸುತ್ತು ಬರೆಯಬಹುದು, ಬಹಿರಂಗ ಸಭೆಯಲ್ಲಿ ಮಾತಾಡಬಹುದು. ಪರಿಷ್ಕೃತ ಕರಡು ಬರುವಾಗ ಯಾರ ಮಾತನ್ನು ಯಾಕೆ ಒಪ್ಪಿದೆವು, ಯಾಕೆ ಬಿಟ್ಟೆವು ಎಂದು ಬರೆದಿರುತ್ತದೆ.

ನಮ್ಮದರಲ್ಲಿ ಗಟ್ಟಿ ಇರುವುದು ಯಾವುದು, ಜೊಳ್ಳು ಯಾವುದು ಎಂದು ಈಗ ಹೇಳುತ್ತೇನೆ.

ಗಟ್ಟಿ ಇರುವುದು ಆಯೋಗದ ಮಾತಿಗೆ ಇರುವ ಬಲ. ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ, ಕೇಂದ್ರ ಚುನಾವಣಾ ಆಯೋಗದಿಂದ ಒಬ್ಬರು, ಆಯಾ ರಾಜ್ಯದ ಚುನಾವಣಾ ಆಯುಕ್ತರು, ಹೀಗೆ ಮೂವರ ಆಯೋಗ. ರಾಜ್ಯದ ಐವರು ಎಂ.ಪಿ.ಗಳು, ಐವರು ಎಂ.ಎಲ್.ಎ.ಗಳು ಸಹ ಸದಸ್ಯರಾಗಿ ಕೂರುತ್ತಾರೆ, ಸಲಹೆ ಕೊಡುತ್ತಾರೆ. ಅವರಿಗೆ ಮತದ ಹಕ್ಕಿಲ್ಲ, ಆದೇಶಕ್ಕೆ ಸಹಿ ಹಾಕುವ ಹಕ್ಕೂ ಇಲ್ಲ. ಅವರ ಭಿನ್ನ ಸಲಹೆ ಇದ್ದರೆ ಕರಡಿನ ಜೊತೆಗೇ ಪ್ರಕಟವಾಗುತ್ತದೆ. ಇದು ಒಳ್ಳೆಯ ನಿಯಮ, ಯಾವ ಶಾಸಕರು ಯಾವ ಗಡಿ ಕೇಳಿದರು ಎಂದು ಜನರ ಕಣ್ಣಿಗೆ ಬೀಳುತ್ತದೆ. ಅಂತಿಮ ಆದೇಶ ರಾಜ್ಯಪತ್ರದಲ್ಲಿ ಬಂದರೆ ಅದು ಕಾನೂನೇ. ಸದನದ ಮುಂದೆ ಇಡುತ್ತಾರೆ, ಒಂದು ಅಕ್ಷರ ತಿದ್ದುವ ಹಾಗಿಲ್ಲ. ಉಜ್ಜಯಿನಿ ಕ್ಷೇತ್ರವನ್ನು ಮೀಸಲು ಮಾಡಿದ್ದನ್ನು ಪ್ರಶ್ನಿಸಿ ಮೇಘರಾಜ್ ಕೊಠಾರಿ ಎಂಬುವರು ಹೂಡಿದ್ದ ದಾವೆಯಲ್ಲಿ, ಪ್ರಕಟವಾದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1966ರಲ್ಲೇ ಹೇಳಿತ್ತು. 2024ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಈ ಬಾಗಿಲನ್ನು ಸ್ವಲ್ಪ ತೆರೆದಿದೆ. ಆದೇಶ ಕಣ್ಣಿಗೆ ರಾಚುವಷ್ಟು ಮನಸೋ ಇಚ್ಛೆಯದ್ದಾಗಿದ್ದು, ಸಂವಿಧಾನದ ಮೌಲ್ಯಗಳಿಗೆ ಹೊಂದದಿದ್ದರೆ ನ್ಯಾಯಾಲಯ ನೋಡಬಹುದು ಎಂದಿದೆ.

ಜೊಳ್ಳು ಇರುವುದು ಮೂರು ಕಡೆ. ಈ ಆಯೋಗ ಕಾಯಂ ಅಲ್ಲ. ಸರ್ಕಾರ ರಚಿಸಿದಾಗ ಹುಟ್ಟುತ್ತದೆ, ಕೆಲಸ ಮುಗಿದಾಗ ಇಲ್ಲವಾಗುತ್ತದೆ. ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರ್ಕಾರವೇ. ಕೊಟ್ಟ ಬಲವನ್ನು ಸಂಸತ್ತು ಹಿಂದಕ್ಕೆ ಪಡೆದದ್ದೂ ಉಂಟು. 2008ರಲ್ಲಿ ಜಾರ್ಖಂಡಿನ ಕುರಿತ ಆಯೋಗದ ಆದೇಶ ಜಾರಿಯಾಗದಂತೆ ಕಾಯ್ದೆಗೆ ತಿದ್ದುಪಡಿ ತಂದರು.

ಇನ್ನೊಂದು, ಕ್ಷೇತ್ರದ ಗೆರೆಗೆ ಆಧಾರವಾಗುವ ತಾಲ್ಲೂಕು, ಜಿಲ್ಲೆಯ ಗೆರೆ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಅಸ್ಸಾಮಿನಲ್ಲಿ ಕ್ಷೇತ್ರ ವಿಂಗಡಣೆಗೆ ಇಳಿದಿದ್ದ ಚುನಾವಣಾ ಆಯೋಗ 2023ರ ಜನವರಿ 1ರಿಂದ ಆಡಳಿತದ ಗಡಿಗಳನ್ನು ಬದಲಿಸುವಂತಿಲ್ಲ ಎಂದಿತ್ತು. ಅದರ ಹಿಂದಿನ ದಿನ, 2022ರ ಡಿಸೆಂಬರ್ 31ರಂದು, ಅಲ್ಲಿನ ಸರ್ಕಾರ ನಾಲ್ಕು ಜಿಲ್ಲೆಗಳನ್ನು ಅವುಗಳ ಹಳೆಯ ಜಿಲ್ಲೆಗಳಿಗೆ ಸೇರಿಸಿಬಿಟ್ಟಿತು. ಆಯೋಗ ಎಷ್ಟೇ ನಿಷ್ಪಕ್ಷಪಾತಿ ಆಗಿದ್ದರೂ ಅದರ ಕೈಗೆ ಕೊಟ್ಟ ನಕ್ಷೆಯೇ ಹಿಂದಿನ ರಾತ್ರಿ ಬದಲಾಗಿದ್ದರೆ ಏನು ಮಾಡೀತು? ನಿಮ್ಮ ಜಿಲ್ಲೆಯ ಮಂಚೇನಹಳ್ಳಿಯನ್ನು ನೋಡಿ. ಗೌರಿಬಿದನೂರು ತಾಲ್ಲೂಕಿನ ಹೋಬಳಿಯಾಗಿದ್ದರೂ ಓಟು ಚಿಕ್ಕಬಳ್ಳಾಪುರ ಕ್ಷೇತ್ರಕ್ಕಿತ್ತು, ಆಮೇಲೆ ಅದೇ ಒಂದು ತಾಲ್ಲೂಕಾಯಿತು. ಅಲ್ಲಿನ ಜನಕ್ಕೆ ಅದರಿಂದ ಕಚೇರಿ ಹತ್ತಿರವಾಯಿತು, ಸಂತೋಷ. ಮುಂದಿನ ಆಯೋಗಕ್ಕೆ ಮಾತ್ರ ಅದು ಹೊಸದೊಂದು ಗಡಿ.

ಕೊನೆಯದು ಮತ್ತು ನನ್ನ ಪ್ರಕಾರ ದೊಡ್ಡದು, ಕಾರಣ ಹೇಳದಿರುವುದು. ನಮ್ಮ ಕಾಯ್ದೆ ಆಯೋಗಕ್ಕೆ ಕರಡು ಪ್ರಕಟಿಸು, ಆಕ್ಷೇಪಣೆ ಪಡೆ, ಬಹಿರಂಗ ಸಭೆ ನಡೆಸು ಎನ್ನುತ್ತದೆ. ಆಕ್ಷೇಪಣೆಯನ್ನು ತಳ್ಳಿಹಾಕಿದರೆ ಯಾಕೆ ಎಂದು ಬರೆದು ತಿಳಿಸು ಎನ್ನುವುದಿಲ್ಲ. ಕ್ಷೇತ್ರಗಳ ಜನಸಂಖ್ಯೆ ಸರಾಸರಿಯಿಂದ ಎಷ್ಟು ದೂರ ಹೋಗಬಹುದು ಎಂಬ ಮಿತಿಯೂ ಅದರಲ್ಲಿಲ್ಲ. ಸಾಧ್ಯವಾದಷ್ಟು ಒತ್ತಾದ ಪ್ರದೇಶ, ಬೆಟ್ಟ ನದಿಗಳಂಥ ನೈಸರ್ಗಿಕ ಲಕ್ಷಣ, ಈಗಿರುವ ಆಡಳಿತದ ಗಡಿ, ಓಡಾಟದ ಸೌಕರ್ಯ, ಜನರ ಅನುಕೂಲ, ಇಷ್ಟನ್ನೂ ನೋಡಬೇಕು ಎಂದಿದೆ. ಎಲ್ಲವೂ ಸರಿಯಾದ ಮಾತೇ. ಒಂದಕ್ಕೊಂದು ಅಡ್ಡ ಬಂದಾಗ ಯಾವುದು ಮುಖ್ಯ ಎನ್ನುವ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಜಮ್ಮು ಮತ್ತು ಕಾಶ್ಮೀರದಲ್ಲಿ ನ್ಯಾಯಮೂರ್ತಿ ರಂಜನಾ ದೇಸಾಯಿ ಆಯೋಗ 2022ರಲ್ಲಿ ಪೀರ್ ಪಂಜಾಲ್ ಬೆಟ್ಟಸಾಲಿನ ಆಚೆಯ ಅನಂತನಾಗ್ ಮತ್ತು ಈಚೆಯ ರಜೌರಿಯನ್ನು ಒಂದೇ ಲೋಕಸಭೆ ಕ್ಷೇತ್ರಕ್ಕೆ ಸೇರಿಸಿದಾಗ ಎದ್ದ ಕೂಗಿಗೆ ಬುಡ ಇರುವುದು ಇಲ್ಲಿ. ನಿರ್ಧಾರ ಸರಿಯೋ ತಪ್ಪೋ, ಅದರ ಕಾರಣ ಜನಕ್ಕೆ ಮನವರಿಕೆಯಾಗುವಂತೆ ಬರೆದಿಟ್ಟಿದ್ದರೆ ಅರ್ಧ ಅನುಮಾನ ಇಳಿಯುತ್ತಿತ್ತು.

ಇನ್ನು ನೀವು ಕಣ್ಣಾರೆ ಕಂಡ ಪಂಚಾಯ್ತಿ ವಿಷಯ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಆ ಹೊತ್ತಿಗೆ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ಗುರುತಿಸಿ, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಅಷ್ಟಾದ ಮೇಲೆ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ಬಂತು. ಗಡಿ ಗುರುತಿಸುವ ಅಧಿಕಾರವನ್ನು ಚುನಾವಣಾ ಆಯೋಗದಿಂದ ತೆಗೆದು, ಸರ್ಕಾರ ನೇಮಿಸುವ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ಕೆಲಸ ಮತ್ತೆ ಮೊದಲಿನಿಂದ ಶುರು. ಸರ್ಕಾರ ಬದಲಾಯಿತು, ಆಡಳಿತಾಧಿಕಾರಿಗಳೇ ಜಿಲ್ಲಾ ಪಂಚಾಯ್ತಿ ನಡೆಸುತ್ತ ಹೋದರು. ಬೆಂಗಳೂರಿನಲ್ಲೂ ಪಾಲಿಕೆಯ ಅವಧಿ 2020ರಲ್ಲಿ ಮುಗಿದ ಮೇಲೆ 198 ವಾರ್ಡು 2022ರಲ್ಲಿ 243 ಆಯಿತು, ಇನ್ನೊಂದು ಸರ್ಕಾರ ಬಂದು 2023ರಲ್ಲಿ 225 ಮಾಡಿತು. ಪ್ರತಿ ಸಲವೂ ಕರಡು, ಆಕ್ಷೇಪಣೆ, ಕೋರ್ಟು, ಚುನಾವಣೆ ಮಾತ್ರ ಇಲ್ಲ. ಯಾವ ಪಕ್ಷವನ್ನೂ ನಾನು ಇಲ್ಲಿ ಹೊರಗಿಡುತ್ತಿಲ್ಲ, ಈ ಕೆಲಸವನ್ನು ಎಲ್ಲರೂ ಮಾಡಿದ್ದಾರೆ. ಐದು ವರ್ಷಕ್ಕೆ ಸರಿಯಾಗಿ ಚುನಾವಣೆ ನಡೆಯಲೇಬೇಕು, ಸಾಮಾನ್ಯವಾಗಿ ಗಡಿ ವಿಂಗಡಣೆ ಅದಕ್ಕೆ ನೆಪವಾಗಬಾರದು ಎಂದು ಸುಪ್ರೀಂ ಕೋರ್ಟು 2006ರ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಗೆರೆ ಎಳೆಯುವ ಅಧಿಕಾರ ಸರ್ಕಾರದ ಬಳಿ ಇದ್ದರೆ ಗೆರೆಯನ್ನು ತಿರುಚುವುದೇ ಬೇಕಿಲ್ಲ, ಎಳೆಯದೆ ಕೂತರೂ ಚುನಾವಣೆ ನಿಂತುಹೋಗುತ್ತದೆ. ನನ್ನ ಸ್ಪಷ್ಟ ಅಭಿಪ್ರಾಯ ಇದು: ಪಂಚಾಯ್ತಿ ಮತ್ತು ವಾರ್ಡುಗಳ ಗಡಿ ಗುರುತಿಸುವ ಕೆಲಸ ರಾಜ್ಯ ಚುನಾವಣಾ ಆಯೋಗದ ಕೈಗೆ ಹೋಗಬೇಕು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅದು ಮುಗಿದಿರಬೇಕು, ಮುಗಿಯದಿದ್ದರೆ ಹಳೆಯ ಗಡಿಯಲ್ಲೇ ಚುನಾವಣೆ ನಡೆಯಬೇಕು ಎಂದು ಕಾಯ್ದೆ ಹೇಳಬೇಕು. ಆಗ ತಡ ಮಾಡುವುದರಲ್ಲಿ ಯಾರಿಗೂ ಲಾಭ ಇರುವುದಿಲ್ಲ.

ಮುಂದಿನ ಸಲದ ಮಾತು. ಲೋಕಸಭೆಯಲ್ಲಿ ರಾಜ್ಯಗಳ ಪಾಲು 1971ರ ಜನಗಣತಿಗೆ ನಿಂತಿರುವುದು, ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ಶಿಕ್ಷೆ ಆಗಬಾರದು ಎಂಬ ಕಾರಣಕ್ಕೆ. 1976ರ 42ನೇ ತಿದ್ದುಪಡಿ ಅದನ್ನು ತಡೆದಿಟ್ಟಿತು, 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಅದರ ಪ್ರಕಾರ 2027ರ ಜನಗಣತಿಯೇ ಮುಂದಿನ ಆಧಾರ. ದಕ್ಷಿಣಕ್ಕೆ ಎಷ್ಟು ಸ್ಥಾನ ಎಂಬ ಜಗಳ ದೊಡ್ಡದು, ಅದು ಬೇರೆಯೇ ಉತ್ತರ ಕೇಳುತ್ತದೆ. ರಾಜ್ಯದೊಳಗಿನ ಲೆಕ್ಕವನ್ನು ಮಾತ್ರ ಹೇಳುತ್ತೇನೆ. 2011ರ ಜನಗಣತಿಯ 6.11 ಕೋಟಿಯನ್ನು ಅದೇ 224ಕ್ಕೆ ಭಾಗಿಸಿದರೆ ಸರಾಸರಿ ಸುಮಾರು 2.73 ಲಕ್ಷ. ಚಿಕ್ಕಬಳ್ಳಾಪುರದ 12.55 ಲಕ್ಷಕ್ಕೆ 4.6 ಸ್ಥಾನ, ಕೋಲಾರದ 15.36 ಲಕ್ಷಕ್ಕೆ 5.6, ತುಮಕೂರಿನ 26.79 ಲಕ್ಷಕ್ಕೆ 9.8. ಬೆಂಗಳೂರು ನಗರ ಜಿಲ್ಲೆಗೆ 35! ಒಟ್ಟು ಸ್ಥಾನ ಹೆಚ್ಚದಿದ್ದರೆ ನಮ್ಮ ಮೂರು ಜಿಲ್ಲೆಗಳು ಇನ್ನೊಂದೆರಡು ಕ್ಷೇತ್ರ ಕಳೆದುಕೊಳ್ಳುವ ಅಂಚಿನಲ್ಲಿವೆ. ಯಾವ ಹೋಬಳಿ ಯಾವ ಕಡೆ ಹೋಗುತ್ತದೆ ಎಂಬ ಜಗ್ಗಾಟ ಆಗ ಇನ್ನೂ ಬಿಗಿಯಾಗುತ್ತದೆ.

ನಿಮಗೆ ಜಾಗ ಇದೆಯೇ ಎಂದರೆ ಇದೆ, ಕರಡು ಪ್ರಕಟವಾದ ದಿನದಿಂದ ಆಕ್ಷೇಪಣೆಯ ಕೊನೆಯ ದಿನದವರೆಗೆ. ಅದು ದಾಟಿದರೆ ಇಲ್ಲ ಎಂದೇ ತಿಳಿಯಿರಿ. ಯಾವುದೇ ಮತದಾರರು ಬರೆಯಬಹುದು, ವಕೀಲರು ಬೇಕಿಲ್ಲ. ನಮಗೆ ಅನ್ಯಾಯವಾಗಿದೆ ಎಂಬ ಒಂದು ಸಾಲಿನ ಮನವಿಗೆ ಬೆಲೆ ಬರುವುದಿಲ್ಲ. ಊರುಗಳ ಹೆಸರು, ಹೋಬಳಿ, ಜನಗಣತಿಯಲ್ಲಿ ಪ್ರತಿ ಊರಿನ ಸಂಖ್ಯೆ, ತಾಲ್ಲೂಕು ಕೇಂದ್ರಕ್ಕೆ ಬಸ್ಸು ಎಲ್ಲಿಂದ ಹೋಗುತ್ತದೆ, ಇಷ್ಟನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ವಾರ್ಡಿನ ವಿಷಯವಾದರೆ ಚಕ್ಕುಬಂದಿಯನ್ನು ಕೈಯಲ್ಲಿ ಹಿಡಿದು ಆ ಬೀದಿಗಳಲ್ಲಿ ಒಂದು ಸಲ ನಡೆಯಿರಿ. ಉತ್ತರಕ್ಕೆ ರಾಜಕಾಲುವೆ ಎಂದು ಬರೆದಿದ್ದು, ಕಾಲುವೆ ಕಾಲೋನಿಯ ನಡುವೆ ಹಾದಿದ್ದರೆ ಅದು ಕಾಗದದಲ್ಲಿ ಕಾಣುವುದಿಲ್ಲ. ಗ್ರಾಮಸಭೆಯ ನಿರ್ಣಯ ಜೊತೆಗಿದ್ದರೆ ತೂಕ ಹೆಚ್ಚು. ಮನವಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ಯಾಕೆ ಒಪ್ಪಲಿಲ್ಲ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಲು ಅದು ಬೇಕು.

ಮುಖ್ಯವಾಗಿ, ಬದಲಿ ನಕ್ಷೆ ಇಲ್ಲದೆ ಹೋಗಬೇಡಿ. ನಿಮ್ಮ ಕ್ಷೇತ್ರವನ್ನೇ ತೆಗೆದುಕೊಳ್ಳಿ. ಶಿಡ್ಲಘಟ್ಟ, ಚಿಂತಾಮಣಿ ಎರಡನ್ನೂ ಚಿಕ್ಕಬಳ್ಳಾಪುರ ಲೋಕಸಭೆಗೆ ಸೇರಿಸಿ ಎಂದರೆ ಅಲ್ಲಿ ಹತ್ತಾಗುತ್ತದೆ, ಕೋಲಾರದಲ್ಲಿ ಆರೇ ಉಳಿಯುತ್ತದೆ. ಹಾಗಾಗಿ ಚಿಕ್ಕಬಳ್ಳಾಪುರದಿಂದ ಎರಡು ಕೋಲಾರಕ್ಕೆ ಹೋಗಬೇಕು. ಮಾಲೂರಿಗೆ ಅಂಟಿಕೊಂಡ ಹೊಸಕೋಟೆ, ಅದಕ್ಕೆ ಅಂಟಿಕೊಂಡ ದೇವನಹಳ್ಳಿ ಹೋದರೆ ಎರಡೂ ಕಡೆ ಎಂಟೆಂಟು ಆಗುತ್ತದೆ, ನಿಮ್ಮ ಜಿಲ್ಲೆಯ ಐದೂ ಕ್ಷೇತ್ರ ಒಟ್ಟಿಗೆ ಇರುತ್ತವೆ. ಕೋಲಾರ ಪರಿಶಿಷ್ಟ ಜಾತಿಗೆ ಮೀಸಲು, ಹಾಗಾಗಿ ಹೊಸ ಎಂಟರಲ್ಲಿ ಪರಿಶಿಷ್ಟರ ಪ್ರಮಾಣ ಎಷ್ಟು ಎಂಬ ಲೆಕ್ಕವನ್ನೂ ನೀವೇ ಮಾಡಿ ಕೊಡಬೇಕು. ಸ್ಥಾನಗಳ ಒಟ್ಟು ಸಂಖ್ಯೆ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ, ಮಾಡುವ ಕ್ರಮ ಇದೇ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆಯವರು ನಮ್ಮನ್ನು ಯಾಕೆ ಕೋಲಾರಕ್ಕೆ ತಳ್ಳುತ್ತೀರಿ ಎಂದು ಇವತ್ತಿನ ನಿಮ್ಮ ಪ್ರಶ್ನೆಯನ್ನೇ ಕೇಳುತ್ತಾರೆ. ಮನವಿ ಬರೆಯುವ ಮುಂಚೆ ಅಲ್ಲಿನ ನಿಮ್ಮಂಥ ಒಬ್ಬಿಬ್ಬರು ಮಾಜಿ ಸದಸ್ಯರೊಂದಿಗೆ ಕೂತು ಮಾತಾಡಿ. ಅವರ ಉತ್ತರವನ್ನೂ ಸೇರಿಸಿ ಕೊಟ್ಟ ಮನವಿಯನ್ನು ಬದಿಗಿಡುವುದು ಆಯೋಗಕ್ಕೆ ಸುಲಭವಲ್ಲ.